ಖಾಲಿ ಎಂದು ಬರೆದ ಡಬ್ಬಿ

ಬಿಹಾರದ ಗಡಿ, 6 ಏಪ್ರಿಲ್ 2025

ಅಪ್ಪನಿಗೆ ಅಕ್ಷಿತಾ ಬರೆಯುವುದು.

ಮೊನ್ನೆ ಪಕ್ಕದ ಮನೆ ಚಿನ್ನು ಫೋನ್ ಮಾಡಿ, "ತಾತಂಗೆ ಕೊಡ್ತೀನಿ ಇರಕ್ಕ" ಎಂದಳು. ಆಮೇಲೆ ಐದು ನಿಮಿಷ ನೀನು "ಆಂ? ಆಂ?" ಎನ್ನುತ್ತಲೇ ಇದ್ದೆ. ನಾನು ಕೂಗಿದ್ದು ಈ ಕ್ವಾರ್ಟರ್ಸಿನ ಎಲ್ಲರಿಗೂ ಕೇಳಿಸಿತು, ನಿನಗೊಬ್ಬನಿಗೆ ಬಿಟ್ಟು. ನಮ್ಮಿಬ್ಬರಿಗೆ ಕಾಗದವೇ ಸರಿ.

ಗೂಡ್ಸ್ ಗಾರ್ಡ್ ಎಂದರೆ ಹಿಂದೆ ಕೂತು ಬಾವುಟ ತೋರಿಸುವುದಷ್ಟೇನಾ ಎಂದು ಕುಳ್ಳಮ್ಮತ್ತೆ ಕೇಳಿದಳಂತೆ. ಅವಳಿಗೆ ಓದಿ ಹೇಳು. ನೇಪಾಳಕ್ಕೆ ಸಮುದ್ರವಿಲ್ಲ. ಅವರ ಸಾಮಾನು ಹಡಗಿನಲ್ಲಿ ಕಲ್ಕತ್ತೆಗೆ ಬಂದು, ಅಲ್ಲಿಂದ ಕಂಟೇನರಿನಲ್ಲಿ ನಮ್ಮ ರೈಲು ಹತ್ತಿ ಇಲ್ಲಿಗೆ ಬರುತ್ತದೆ. ಇಲ್ಲಿ ಎಲ್ಲರೂ ಅದನ್ನು ಡಬ್ಬಿ ಎನ್ನುತ್ತಾರೆ. ಗಡಿ ದಾಟಿ ಐದಾರು ಕಿಲೋಮೀಟರ್ ಹೋದರೆ ಅವರ ಒಣಬಂದರು, ನೀರಿಲ್ಲದ ಬಂದರು. ಅಲ್ಲಿ ಸಾಮಾನು ಇಳಿದ ಮೇಲೆ ಡಬ್ಬಿ ಗುಡಿಸಿ, ಸೀಲು ಹಾಕಿ, ಖಾಲಿ ಎಂದು ಬರೆದು ವಾಪಸ್ ಕಳಿಸುತ್ತಾರೆ. ಆ ಖಾಲಿ ರೈಲನ್ನು ಈ ಯಾರ್ಡಿನಲ್ಲಿ ವಹಿಸಿಕೊಂಡು, ಸೀಲು ನೋಡಿ, ಸಹಿ ಹಾಕಿ, ಕಲ್ಕತ್ತೆಯ ಕಡೆಗೆ ಒಯ್ಯುವುದು ನನ್ನ ಕೆಲಸ.

ಗಡಿ ಅಂದರೆ ಬೇಲಿ, ಗೋಡೆ ಏನೂ ಇಲ್ಲ. ಒಂದು ಕಲ್ಲುಕಂಬ, ಒಂದು ಮೋರಿ. ಮೇಕೆಗಳು ದಿನಕ್ಕೆ ಹತ್ತು ಸಲ ದೇಶ ಬಿಟ್ಟು ದೇಶಕ್ಕೆ ಹೋಗಿ ಬರುತ್ತವೆ. ಜನಕ್ಕೂ ತಡೆಯಿಲ್ಲ. ಡಬ್ಬಿಗೆ ಮಾತ್ರ ನೂರೆಂಟು ಕಾಗದ. ಒಮ್ಮೊಮ್ಮೆ ಎರಡು ದಿನ ಕಾಯುತ್ತೇವೆ. ಕಾಯುವುದು ನನಗೆ ಆಗುವುದಿಲ್ಲ, ನಿನಗೆ ಗೊತ್ತಲ್ಲ. ಯಾರ್ಡಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿರುತ್ತೇನೆ.

ಊಟ ಚೆನ್ನಾಗಿದೆ. ಜನ ಒಳ್ಳೆಯವರು. ಚಿಂತೆ ಬೇಡ.

ಅಕ್ಷಿತಾ


ಪಾಂಡವಪುರ ಸ್ಟೇಷನ್, 16 ಏಪ್ರಿಲ್ 2025

ಮಗಳಿಗೆ ತಮ್ಮಯ್ಯ ಮಾಡುವ ಆಶೀರ್ವಾದ.

ಕಾಗದ ಓದಿದೆ. ಊಟ ಚೆನ್ನಾಗಿದೆ ಎಂದು ನೀನು ಬರೆದರೆ ಚೆನ್ನಾಗಿಲ್ಲ ಎಂದು ಅರ್ಥ. ಕುಳ್ಳಮ್ಮಕ್ಕ ಹುರಿಟ್ಟು ಮಾಡಿ ಪಾರ್ಸೆಲ್ ಕಳಿಸುತ್ತಾಳೆ.

ನಾನು ಎರಡು ಹಸು ಕರೆದು ಡೈರಿಗೆ ಹಾಲು ಹಾಕಿ, ಎಂಟು ಗಂಟೆಗೆಲ್ಲ ಸ್ಟೇಷನ್ನಿಗೆ ಹೋಗಿಬಿಡುತ್ತೇನೆ. ದಿನವೂ ಹಳಿ ನಡೆದು ನೋಡುವ ಕೀಮ್ಯಾನ್ ಕೆಲಸ ಬಿಟ್ಟು ಮೂರು ವರ್ಷವಾದರೂ ಕಾಲು ಹಳಿಯ ಕಡೆಗೇ ಎಳೆಯುತ್ತದೆ. ಕಿವಿ ಹೋದ ಮೇಲೆ ಒಂದು ಕಡೆ ಕೂರಲು ಭಯ. ರೈಲು ಬರುವುದು ಈಗ ಪಾದಕ್ಕೆ ಗೊತ್ತಾಗಬೇಕು.

ಮುಖ್ಯ ವಿಷಯ. ಕೆ.ಆರ್. ಪೇಟೆಯ ಬೋರಯ್ಯ ನಿನಗೆ ಒಂದು ಸಂಬಂಧ ತಂದಿದ್ದ. ನಾಗಮಂಗಲದ ಕಡೆಯ ಹುಡುಗ, ರಘುನಂದನ್, ತಾಲ್ಲೂಕು ಆಫೀಸಿನಲ್ಲಿ ಸರ್ವೇಯರ್. ಅಪ್ಪನಿಗೆ ತೆಂಗಿನ ತೋಟ ಇದೆ. ಬೋರಯ್ಯ ನನ್ನ ಕಿವಿಗೆ ಬಾಯಿಟ್ಟು ಕೂಗಿದ, "ಹುಡ್ಗಿ ಗಾರ್ಡು ಅಂದ್ರೆ ಅವ್ರಿಗೆ ಖುಸಿ ಕಣಯ್ಯ, ಆದ್ರೆ ಬಿಹಾರ ಬುಟ್ಟು ಬರ್ಬೇಕಂತೆ." ಮೈಸೂರು ಡಿವಿಜನ್ನಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದೆಯಲ್ಲ, ಅದು ಏನಾಯಿತು? ಹುಡುಗನ ಫೋಟೋ ಇಟ್ಟಿದ್ದೇನೆ. ಬೇಡ ಎನ್ನಲು ಅವಸರ ಮಾಡಬೇಡ.

ತಮ್ಮಯ್ಯ


10 ಮೇ 2025, ರೈಲಿನಿಂದ

ಅಪ್ಪ,

ರೈಲಿನ ಕೊನೆಯ ಬ್ರೇಕ್ ವ್ಯಾನಿನಲ್ಲಿ ಕುಳಿತು ಬರೆಯುತ್ತಿದ್ದೇನೆ, ಅಕ್ಷರ ವಾಲಿದರೆ ಬೈಯಬೇಡ. ಮೂರು ಗಂಟೆಗೆ ಗಡಿಯ ಯಾರ್ಡಿನಿಂದ ಹೊರಟೆವು. ಮುಂದಿನ ಸಣ್ಣ ಸ್ಟೇಷನ್ನಿನ ಲೂಪಿಗೆ, ಪಕ್ಕದ ಹಳಿಗೆ, ಹಾಕಿ ನಿಲ್ಲಿಸಿದ್ದಾರೆ. ಎರಡು ಎಕ್ಸ್‌ಪ್ರೆಸ್ ದಾಟಬೇಕಂತೆ. ಬಾಟಲಿಯ ನೀರು ಸ್ನಾನಕ್ಕೆ ಕಾಯಿಸಿದ ಹಾಗಿದೆ. ಸುತ್ತ ಒಂದು ಮರವಿಲ್ಲ.

ಹುಡುಗನ ವಿಷಯ ಆಮೇಲೆ ಬರೆಯುತ್ತೇನೆ. ಈಗ ಬೇರೆ ಒಂದು ಕೇಳಬೇಕು. ಹೊರಡುವ ಮೊದಲು ಸೀಲು ನೋಡಿಕೊಂಡು ಬರುತ್ತಿದ್ದೆ. ಎಲ್ಲಕ್ಕಿಂತ ಹಿಂದಿನ ಡಬ್ಬಿ, ನನ್ನ ವ್ಯಾನಿನ ಪಕ್ಕದ್ದೇ, ಒಳಗಿನಿಂದ ಟಕ್ ಟಕ್ ಟಕ್ ಎಂದಿತು. ನಿಂತೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು ಸಲ. ವ್ಯಾಗನ್ ಪರೀಕ್ಷಕರನ್ನು ಕರೆದೆ. ಅವರು ನಕ್ಕರು. ಮೇ ತಿಂಗಳಲ್ಲಿ ತಗಡು ಕಾದು ಹಿಗ್ಗುತ್ತದೆ, ಸದ್ದು ಮಾಡುತ್ತದೆ, ಹೊಸಬರಿಗೆಲ್ಲ ಹೀಗೇ ಅನ್ನಿಸುತ್ತದೆ ಎಂದರು. ಸೀಲು ನೆಟ್ಟಗಿತ್ತು. ಕಾಗದದಲ್ಲಿ ಖಾಲಿ ಎಂದಿತ್ತು. ಸಹಿ ಹಾಕಿದೆ.

ಮೂವತ್ತು ವರ್ಷ ಹಳಿಗೆ ಸುತ್ತಿಗೆಯಲ್ಲಿ ಹೊಡೆದು ಕಿವಿಗೊಟ್ಟವನು ನೀನು. ಕಾದ ಕಬ್ಬಿಣ ಹಾಗೆ ಬಡಿಯುತ್ತದಾ? ಈಗಂತೂ ಸದ್ದಿಲ್ಲ. ಬಿಸಿಲು ಹಾಗೇ ಇದೆ.

ಇಲ್ಲಿ ಹಳಿ ತಿರುಗಿಸುವ ಪಾಯಿಂಟ್ಸ್‌ಮನ್ ಸಂಜೆ ಪೇಟೆಗೆ ಹೋಗುತ್ತಾನಂತೆ, ಅವನ ಕೈಲಿ ಇದನ್ನು ಅಂಚೆಗೆ ಕೊಡುತ್ತೇನೆ.

ಅಕ್ಷಿತಾ


17 ಮೇ 2025

ಅಪ್ಪನಿಗೆ,

ನನ್ನ ಫೋನ್ ಕೆಟ್ಟಿದೆ, ರಿಪೇರಿಗೆ ಕೊಟ್ಟಿದ್ದೇನೆ. ಚಿನ್ನುವಿಗೆ ಹೇಳು, ಸುಮ್ಮನೆ ಮಾಡುತ್ತಿರಬೇಡ ಎಂದು. ಕೆಲವು ದಿನ ರಜೆ ಹಾಕಿದ್ದೇನೆ. ಬಿಸಿಲು ಜಾಸ್ತಿ, ಅಷ್ಟೇ. ಹುರಿಟ್ಟು ಬಂತು. ಅತ್ತೆ ಅದಕ್ಕೆ ಏಲಕ್ಕಿ ಹಾಕಿದ್ದಾಳೆ, ಒಳ್ಳೆಯದಾಗಿದೆ.

ಫೋಟೋ ನೋಡಿದೆ. ನಾಗಮಂಗಲದವರಿಗೆ ಒಪ್ಪಿಗೆ ಎಂದು ಹೇಳು. ಬಂದು ನೋಡುವ ಶಾಸ್ತ್ರವೆಲ್ಲ ಬೇಡ. ಆಷಾಢಕ್ಕೆ ಮೊದಲೇ ಆಗುವುದಾದರೂ ಸರಿ. ಕೆಲಸ ಬಿಡಬೇಕು ಎಂದರೆ ಅದಕ್ಕೂ ತಯಾರು. ನಾಗಮಂಗಲದಲ್ಲಿ ಹಳಿ ಪಕ್ಕದಲ್ಲಿಲ್ಲದ ಮನೆ ಇದ್ದರೆ ಚೆನ್ನ.

ಅಕ್ಷಿತಾ


ಪಾಂಡವಪುರ ಸ್ಟೇಷನ್, 19 ಮೇ 2025

ಅಕ್ಷಿತಾ,

ಹತ್ತನೇ ತಾರೀಕು ನೀನು ರೈಲಿನಲ್ಲಿ ಬರೆದ ಕಾಗದ ಈಗ ಕೈಗೆ ಬಂತು. ಅಂಚೆಯವನು ಹಟ್ಟಿಯ ಮುಂದೆ ಕೊಟ್ಟ, ಅಲ್ಲೇ ನಿಂತು ಓದಿದೆ.

ಕಾದ ಕಬ್ಬಿಣ ಸದ್ದು ಮಾಡುವುದು ನಿಜ. ಅದಕ್ಕೆ ಲೆಕ್ಕ ಇರುವುದಿಲ್ಲ. ಮೂರು ಬಡಿದು, ಯಾರಾದರೂ ಕೇಳಿದರಾ ಎಂದು ಕಾದು, ಮತ್ತೆ ಮೂರು ಬಡಿಯುವುದು ಮನುಷ್ಯನ ಕೈ. ಬಿಸಿಲು ಹಾಗೇ ಇದೆ, ಸದ್ದು ನಿಂತಿದೆ ಎಂದು ನೀನೇ ಬರೆದಿದ್ದೀಯ. ಬಿಸಿಲಿನಿಂದ ಬಂದ ಸದ್ದು ಬಿಸಿಲಿರುವಾಗ ಯಾಕೆ ನಿಲ್ಲಬೇಕು?

ಚಿನ್ನುವಿನ ಕೈಲಿ ನಾಲ್ಕು ಸಲ ಫೋನ್ ಮಾಡಿಸಿದೆ. "ಸ್ವಿಚ್ ಆಫ್ ತಾತ" ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದಳು. ಸ್ಟೇಷನ್ನಿಗೆ ಓಡಿದೆ. ಮಾಸ್ತರು ಕಾಗದ ಎರಡು ಸಲ ಓದಿ, ಅದರ ತಾರೀಕಿನ ಮೇಲೆ ಬೆರಳಿಟ್ಟು, "ಒಂಬತ್ ದಿನ ಆಗೋಗದೆ ತಮ್ಮಯ್ಯ" ಎಂದರು. ತುಟಿ ನೋಡಿ ತಿಳಿದುಕೊಂಡೆ.

ಆ ಡಬ್ಬಿ ಏನಾಯಿತು? ಒಂದು ಸಾಲು ಬರಿ. ಬೇರೆ ಏನೂ ಬೇಡ.

ಅಪ್ಪ


ಪಾಂಡವಪುರ ಸ್ಟೇಷನ್, 27 ಮೇ 2025

ಅಕ್ಷಿತಾ,

ನೀನು ಹದಿನೇಳಕ್ಕೆ ಬರೆದ ಕಾಗದ ನಿನ್ನೆ ಬಂತು. ಹುರಿಟ್ಟಿನ ವಿಷಯ ಇದೆ, ಮದುವೆಯ ವಿಷಯ ಇದೆ. ಡಬ್ಬಿಯ ಮಾತೇ ಇಲ್ಲ. ಬೇಡ ಬೇಡ ಎನ್ನುತ್ತಿದ್ದವಳು ಮುಖ ನೋಡದೆ ಒಪ್ಪಿಕೊಂಡಿದ್ದೀಯ. ಅಕ್ಕನಿಗೆ ಸಂತೋಷ. ನನಗೆ ಅನ್ನ ಇಳಿಯಲಿಲ್ಲ.

ಇವತ್ತು ಬೋರಯ್ಯ ಬಂದ. ನಾಗಮಂಗಲದವರ ನೆಂಟರೊಬ್ಬರು ರೈಲ್ವೆಯಲ್ಲಿ ಇದ್ದಾರಂತೆ. ಅವರಿಂದ ಸುದ್ದಿ ಬಂದಿದೆ. "ಡಬ್ಬೀಲಿ ಜನ ಸತ್ತೋದ್ರಂತೆ ಕಣಯ್ಯ, ಗಾರ್ಡ್ ಹುಡ್ಗೀನ ಸಸ್ಪೆಂಡ್ ಮಾಡವ್ರಂತೆ. ಅವ್ರು ಈ ಸಂಬಂಧ ಬ್ಯಾಡ ಅಂತಾವ್ರೆ." ಅದನ್ನು ನನ್ನ ಕಿವಿಗೆ ಕೂಗಿ ಹೇಳಬೇಕಾಗಿ ಬಂತು. ಬೀದಿಗೆಲ್ಲ ಕೇಳಿಸಿತು.

ಸಂಬಂಧ ಹೋಗಲಿ, ಅದು ನನಗೆ ಏನೂ ಅಲ್ಲ. ಒಂದೇ ಕೇಳುತ್ತೇನೆ. ಒಳಗೆ ಜನ ಇದ್ದಾರೆ ಎಂದು ಅನುಮಾನ ಬಂದ ಮೇಲೂ ಬಾವುಟ ತೋರಿಸಿ ಕಲ್ಕತ್ತೆಯವರೆಗೆ ಹೋದೆಯಾ? ಅಂಥವಳಲ್ಲ ನೀನು ಎಂದು ಬೋರಯ್ಯನ ಎದುರಿಗೆ ಹೇಳಿದ್ದೇನೆ. ಹೇಳುವಾಗ ನನ್ನ ಧ್ವನಿ ಹೇಗಿತ್ತೋ ನನಗೆ ಗೊತ್ತಿಲ್ಲ, ನನಗೆ ಕೇಳುವುದಿಲ್ಲವಲ್ಲ.

ಅಪ್ಪ


5 ಜೂನ್ 2025

ಅಪ್ಪ,

ನಿನ್ನ ಎರಡು ಕಾಗದವೂ ಒಂದು ದಿನ ಹಿಂದೆ ಮುಂದೆ ಬಂದವು. ಹೇಳದೆ ಮುಚ್ಚಿಟ್ಟದ್ದು ತಪ್ಪು. ಫೋನ್ ಕೆಟ್ಟಿರಲಿಲ್ಲ, ಪೇಪರಿನವರು ಬಿಡದೆ ಮಾಡುತ್ತಿದ್ದರು ಎಂದು ಆಫ್ ಮಾಡಿದ್ದೆ. ರಜೆಯೂ ಅಲ್ಲ, ಸಸ್ಪೆನ್ಷನ್.

ಕಲ್ಕತ್ತೆಯವರೆಗೆ ಹೋಗಲಿಲ್ಲ ಅಪ್ಪ. ಆ ಕಾಗದವನ್ನು ಪಾಯಿಂಟ್ಸ್‌ಮನ್ ಕೈಗೆ ಕೊಟ್ಟು ವ್ಯಾನಿಗೆ ವಾಪಸ್ ಬರುತ್ತಿದ್ದೆ. ಬಿಸಿಲು ಹಾಗೇ ಇದೆ, ಸದ್ದಿಲ್ಲ ಎಂದು ನನ್ನ ಕೈಯಾರೆ ಬರೆದಿದ್ದೆನಲ್ಲ, ನಡೆಯುತ್ತ ನಡೆಯುತ್ತ ಆ ಮಾತು ತಲೆಗೆ ಹತ್ತಿತು. ನಿನಗೆ ಬರೆಯದೆ ಇದ್ದಿದ್ದರೆ ಅದೂ ಹೊಳೆಯುತ್ತಿರಲಿಲ್ಲ. ಓಡಿಹೋಗಿ ಕಲ್ಲಿನಿಂದ ಬಾಗಿಲು ಬಡಿದೆ. ಉತ್ತರವಿಲ್ಲ. ವಾಕಿಟಾಕಿಯಲ್ಲಿ ಡ್ರೈವರಿಗೆ ರೈಲು ಬಿಡಬೇಡಿ ಎಂದೆ. ಸ್ಟೇಷನ್ ಮಾಸ್ತರು ಕಂಟ್ರೋಲ್ ರೂಮಿಗೆ ಕೇಳಿದರು. ಕಸ್ಟಮ್ಸ್ ಸೀಲು, ಅವರು ಬರುವವರೆಗೆ ಮುಟ್ಟಬೇಡಿ ಎಂದು ಉತ್ತರ ಬಂತು. ಅವರು ಬರಲು ಎರಡು ಗಂಟೆ. ಕಬ್ಬಿಣದ ಸಲಾಕೆ ತೆಗೆದುಕೊಂಡು ನಾನೂ ಪಾಯಿಂಟ್ಸ್‌ಮನ್ನೂ ಸೀಲು ಮುರಿದೆವು. ಆಗ ಗಂಟೆ ಐದೂ ಐದು.

ಒಳಗೆ ಗಂಡ ಹೆಂಡತಿ. ಒಣಬಂದರಿನಲ್ಲಿ ಖಾಲಿ ಡಬ್ಬಿ ಗುಡಿಸುವವರು. ರಾಮ್‌ವೃಕ್ಷ ಮಹತೋ, ಸುನೈನಾ. ಆ ಡಬ್ಬಿ ಆಗಲೇ ವ್ಯಾಗನ್ನಿನ ಮೇಲಿತ್ತಂತೆ. ಗುಡಿಸಿ ಮುಗಿಸಿ, ನೆರಳಿಗೆಂದು ಒಳಮೂಲೆಯಲ್ಲಿ ಒರಗಿದ್ದಾರೆ. ಯಾರೋ ಬಂದು ಒಳಗೆ ನೋಡದೆ ಬಾಗಿಲು ಹಾಕಿ ಸೀಲು ಒತ್ತಿದ್ದಾರೆ. ಕೂಗಿದ್ದು ಕ್ರೇನಿನ ಗದ್ದಲದಲ್ಲಿ ಕೇಳಲಿಲ್ಲ. ಗಂಟಲು ಕಟ್ಟಿದ ಮೇಲೆ ಪೊರಕೆಯ ಹಿಡಿಯಿಂದ ಬಡಿದಿದ್ದಾರೆ. ಸುನೈನಾ ಬದುಕಿದಳು. ಅವನು ಆಸ್ಪತ್ರೆಯ ದಾರಿಯಲ್ಲಿ ತೀರಿಕೊಂಡ. ನಾನು ಸದ್ದು ಕೇಳಿದ್ದು ಎರಡೂ ಇಪ್ಪತ್ತಕ್ಕೆ. ಬಾಗಿಲು ತೆಗೆದದ್ದು ಐದೂ ಐದಕ್ಕೆ. ಮಧ್ಯದ ಹೊತ್ತನ್ನು ದಿನವೂ ಲೆಕ್ಕ ಹಾಕುತ್ತೇನೆ. ಒಂದು ಕಡೆ ಕೂರಲಾಗುತ್ತಿಲ್ಲ.

ಈಗ ಕೇಳು. ಸೀಲು ಮುರಿದದ್ದಕ್ಕೆ ಸಸ್ಪೆಂಡ್ ಮಾಡಿದರು. ಪೇಪರಿನಲ್ಲಿ ಹೊಗಳಿ ಬಂದ ಮೇಲೆ ಮೇಲಿನವರ ಮಾತು ಬದಲಾಗಿದೆ. ಒಬ್ಬ ಅಧಿಕಾರಿ ಕರೆದು ಕೂರಿಸಿ ಟೀ ಕೊಟ್ಟು ಹೇಳಿದರು, ಸದ್ದು ಮೊದಲು ಕೇಳಿದ್ದು ಲೂಪಿನಲ್ಲಿ, ಕೇಳಿದ ತಕ್ಷಣ ಬಾಗಿಲು ತೆಗೆದೆ ಎಂದು ಹೇಳಿಕೆ ಬರೆದುಕೊಡು, ಶೌರ್ಯ ಪ್ರಶಸ್ತಿಗೆ ನಿನ್ನ ಹೆಸರು ಕಳಿಸುತ್ತೇವೆ, ಮೈಸೂರಿನ ವರ್ಗವೂ ಆಗುತ್ತದೆ. ಯಾರ್ಡಿನಲ್ಲೇ ಕೇಳಿತ್ತು ಎಂದರೆ ಪರೀಕ್ಷಕರು, ನಾನು, ಎಲ್ಲರೂ ಸಿಕ್ಕಿಕೊಳ್ಳುತ್ತೇವೆ. ಯಾರಿಗೂ ಕೇಳಿಸಲಿಲ್ಲ ಎಂದಾದರೆ ಅವರಿಬ್ಬರೂ ತಾವಾಗಿ ಒಳಗೆ ಹೋದರು, ತಪ್ಪು ಅವರದೇ ಎಂದು ಕಡತ ಮುಚ್ಚುತ್ತದೆ, ಸುನೈನಾಳಿಗೆ ಪರಿಹಾರ ಸಿಗುವುದಿಲ್ಲ. ಪರೀಕ್ಷಕರಿಗೆ ಇನ್ನು ಏಳು ತಿಂಗಳಿಗೆ ನಿವೃತ್ತಿ. ನಿನ್ನೆ ಬಂದು ನನ್ನ ಮುಂದೆ ಅತ್ತರು.

ಯಾರ್ಡಿನಲ್ಲೇ ನನಗೆ ಕೇಳಿತ್ತು ಎಂಬುದಕ್ಕೆ ಬರವಣಿಗೆಯಲ್ಲಿ ಇರುವುದು ಒಂದೇ, ನಿನ್ನ ಹತ್ತಿರ ಇರುವ ಕಾಗದ. ಅದನ್ನು ಒಲೆಗೆ ಹಾಕು ಅಪ್ಪ. ಕೈ ಮುಗಿಯುತ್ತೇನೆ.

ಅಕ್ಷಿತಾ


ಪಾಂಡವಪುರ ಸ್ಟೇಷನ್, 14 ಜೂನ್ 2025

ಮಗಳೇ,

ನೀನು ಬಾಗಿಲು ತೆಗೆದೆ ಎಂದು ಓದಿ, ಆ ಹಾಳೆ ಹಿಡಿದುಕೊಂಡು ಜಗಲಿಯ ಮೇಲೆ ಕುಳಿತು ಅತ್ತುಬಿಟ್ಟೆ. ಅಕ್ಕ ಗಾಬರಿಯಾದಳು. ಕಾಗದದಲ್ಲಿ ಏನಿದೆ ಎಂದು ಚಿನ್ನು ಓದಿ ಹೇಳಿದಳು. ಅಕ್ಕ ನನ್ನ ಮುಖದ ಹತ್ತಿರ ಬಂದು, "ಸುಟ್ಟಾಕು ಕಣ್ಲಾ, ಮಗೀನ ಗುಂಡಿಗೆ ತಳ್ಳಬ್ಯಾಡ" ಎಂದಳು. ಅವಳದೂ ತಪ್ಪಲ್ಲ.

ಒಲೆಯ ಮುಂದೆ ಕುಳಿತೆ. ಆಗಲಿಲ್ಲ. ಯಾಕೆ ಎಂದು ನಿನಗೊಬ್ಬಳಿಗೆ ಹೇಳುತ್ತೇನೆ. ನೀನು ಹುಟ್ಟುವ ಮುಂಚೆ ಒಂದು ಮಾರ್ಗಶಿರದಲ್ಲಿ ನಿನ್ನ ಅವ್ವನಿಗೆ ಜ್ವರ. ಶ್ರೀರಂಗಪಟ್ಟಣದ ಕಡೆಯ ಹಳಿ ಪೂರ್ತಿ ನಡೆದೆ ಎಂದು ಕೆಲಸದ ಡೈರಿಯಲ್ಲಿ ಬರೆದು, ಅರ್ಧಕ್ಕೇ ಮನೆಗೆ ಬಂದಿದ್ದೆ. ನಾನು ನಡೆಯದ ಕಡೆ ಹಳಿ ಬಿರುಕು ಬಿಟ್ಟಿತ್ತು. ನನ್ನ ಜೊತೆಗಾರ ಚಿಕ್ಕಮಾದಯ್ಯ ನೋಡಿ, ಕೆಂಪು ಬಟ್ಟೆ ಹಿಡಿದು ಓಡಿ ರೈಲು ನಿಲ್ಲಿಸಿದ. ಸಾಹೇಬರು ಕೇಳಿದಾಗ, ತಮ್ಮಯ್ಯ ಬೆಳಿಗ್ಗೆ ನೋಡಿದ್ದ, ಆಮೇಲೆ ಬಿರುಕು ಬಿಟ್ಟಿರಬೇಕು ಎಂದು ನನ್ನ ಪರವಾಗಿ ಸುಳ್ಳು ಹೇಳಿದ. ನನಗೆ ಏನೂ ಆಗಲಿಲ್ಲ. ಆ ವಿಷಯ ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಒಂದೇ ಗ್ಯಾಂಗಿನಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದೆವು, ಅವನ ಕಣ್ಣು ನೋಡಿ ಮಾತಾಡಿದ್ದು ಕಡಿಮೆ. ಅವನು ತೀರಿಕೊಂಡು ಆರು ವರ್ಷವಾಯಿತು. ನಾನು ಯಾರಿಗೆ ಹೇಳಬೇಕಿತ್ತೋ ಅವನೇ ಈಗ ಇಲ್ಲ.

ನೀನು ಯಾರಿಗೆ ಹೇಳಬೇಕೋ ಆ ಸುನೈನಾ ಇನ್ನೂ ಇದ್ದಾಳೆ.

ಕಾಗದವನ್ನು ಇದರೊಳಗೆ ಮಡಚಿ ಇಟ್ಟಿದ್ದೇನೆ. ಅದು ನಿನ್ನ ಕೈಬರಹ, ನೀನೇ ಏನು ಬೇಕಾದರೂ ಮಾಡಿಕೋ. ಸುಟ್ಟರೂ ನಾನು ಕೇಳುವುದಿಲ್ಲ. ಕೆಲಸ ಹೋದರೆ ಮನೆಗೆ ಬಾ. ಜನ ಏನಾದರೂ ಅಂದರೆ ನನಗಂತೂ ಕೇಳಿಸುವುದಿಲ್ಲ.

ಅಪ್ಪ


8 ಜುಲೈ 2025 (ಅಂಚೆ ಕಾರ್ಡು)

ಅಕ್ಷಿತಾ, ಕಾಗದ ತಲುಪಿತಾ ಇಲ್ಲವಾ? ಮೂರು ವಾರವಾಯಿತು. ಚಿನ್ನುವಿಗೆ ಫೋನಿನಲ್ಲಿ ಚೆನ್ನಾಗಿದ್ದೇನೆ ಎಂದಷ್ಟೇ ಹೇಳಿದೆಯಂತೆ. ನಾನು ಬರೆದದ್ದು ಹೆಚ್ಚಾಯಿತೇನೋ. ಅಂಚೆಯವನು ನನ್ನ ಕಂಡರೆ ಸೈಕಲ್ ತಿರುಗಿಸಿಕೊಂಡು ಹೋಗುತ್ತಾನೆ. ತಮ್ಮಯ್ಯ.


ಬಿಹಾರದ ಗಡಿ, 20 ಜುಲೈ 2025

ಅಪ್ಪ,

ಕಾಗದ ತಲುಪಿತ್ತು. ಎಲ್ಲ ಒಂದು ಕಡೆಗೆ ಬರಲಿ, ಆಮೇಲೆ ಬರೆಯೋಣ ಎಂದು ಸುಮ್ಮನಿದ್ದೆ. ನಿನ್ನನ್ನು ಕಾಯಿಸಿದೆ.

ಹೇಳಿಕೆ ಕೊಟ್ಟೆ. ಎರಡೂ ಇಪ್ಪತ್ತಕ್ಕೆ ಯಾರ್ಡಿನಲ್ಲಿ ಸದ್ದು ಕೇಳಿದೆ, ಪರೀಕ್ಷಕರಿಗೆ ಹೇಳಿದೆ, ಅವರು ಬಿಸಿಲು ಎಂದರು, ನಾನು ಒಪ್ಪಿ ಸಹಿ ಹಾಕಿದೆ. ನಾಲ್ಕು ಸಾಲು. ಆ ಕಾಗದವನ್ನೂ ಜೊತೆಗೆ ಕೊಟ್ಟೆ. ಕನ್ನಡ ಯಾರಿಗೂ ಬಾರದು, ನಾನೇ ಕೂತು ಹಿಂದಿಗೆ ಮಾಡಿಕೊಟ್ಟೆ. ಟೀ ಕೊಟ್ಟಿದ್ದ ಅಧಿಕಾರಿ ಈಗ ನನ್ನ ಕಡೆ ನೋಡುವುದಿಲ್ಲ. ಪರೀಕ್ಷಕರ ಹೆಂಡತಿ ಮಾರ್ಕೆಟ್ಟಿನಲ್ಲಿ ಸಿಕ್ಕಿ, ನಿನಗೆ ಏನು ಸಿಕ್ಕಿತಮ್ಮ ಎಂದು ಕೇಳಿದರು. ಸಸ್ಪೆನ್ಷನ್ ತೆಗೆದಿದ್ದಾರೆ, ರೈಲು ಹತ್ತಲು ಬಿಟ್ಟಿಲ್ಲ. ಯಾರ್ಡಿನ ಆಫೀಸಿನಲ್ಲಿ ವ್ಯಾಗನ್ ನಂಬರು ಬರೆಯುತ್ತೇನೆ. ವಿಚಾರಣೆ ಮುಗಿದ ಮೇಲೆ ಗಾರ್ಡ್ ಕೆಲಸ ಇರುತ್ತದೋ ಇಲ್ಲವೋ ತಿಳಿಯದು. ಮೈಸೂರಿನ ವರ್ಗದ ಅರ್ಜಿ ನಾನೇ ವಾಪಸ್ ತೆಗೆದುಕೊಂಡೆ. ಸುನೈನಾಳ ಪರಿಹಾರದ ಅರ್ಜಿ ಆಗಸ್ಟ್ ಹದಿನೆಂಟಕ್ಕೆ ಅವರ ಕಡೆಯ ಕಾರ್ಮಿಕ ಆಫೀಸಿನಲ್ಲಿ ವಿಚಾರಣೆಗೆ ಬರುತ್ತದೆ, ಅಲ್ಲಿ ನಾನು ಸಾಕ್ಷಿ.

ಹೋದ ಭಾನುವಾರ ಅವಳ ಮನೆಗೆ ಹೋಗಿದ್ದೆ. ಗಡಿ ದಾಟಿ ಆಟೋದಲ್ಲಿ ಅರ್ಧ ಗಂಟೆ. ಬಿದಿರಿನ ತಟ್ಟಿಯ ಮನೆ, ಅತ್ತೆ ಒಬ್ಬಳು, ಎರಡು ಹೆಣ್ಣುಮಕ್ಕಳು. ಬಾಗಿಲು ತೆಗೆದ ಹುಡುಗಿ ಬಂದಳು ಎಂದು ಅಕ್ಕಪಕ್ಕದವರೆಲ್ಲ ಬಂದರು. ಆ ಮುದುಕಿ ನನ್ನ ಕಾಲು ಹಿಡಿಯಲು ಬಗ್ಗಿದಳು. ಆಗ ನನಗೆ ತಡೆಯಲಾಗಲಿಲ್ಲ. ಎಲ್ಲರ ಎದುರಿಗೂ ಹೇಳಿಬಿಟ್ಟೆ. ಎರಡೂ ಮುಕ್ಕಾಲು ಗಂಟೆ ಮುಂಚೆಯೇ ನನಗೆ ಕೇಳಿತ್ತು, ಕೇಳಿಯೂ ಮುಂದಕ್ಕೆ ಹೋದೆ ಎಂದೆ. ಎಲ್ಲರೂ ಸುನೈನಾಳ ಕಡೆ ತಿರುಗಿದರು.

ಅವಳು ತಲೆ ಎತ್ತಲಿಲ್ಲ. "ಗೊತ್ತು" ಎಂದಳು. ಒಳಗಿದ್ದವರಿಗೆ ಹೊರಗಿನ ಜಲ್ಲಿಯ ಮೇಲಿನ ಹೆಜ್ಜೆ ಕೇಳಿಸಿತ್ತಂತೆ ಅಪ್ಪ. "ನಿನ್ನ ಹೆಜ್ಜೆ ನಿಂತಿತು. ಯಾರೋ ನಿಂತರು, ಇನ್ನು ಬಾಗಿಲು ತೆಗೆಯುತ್ತಾರೆ, ಸುಮ್ಮನೆ ಕೂತು ಸುಧಾರಿಸಿಕೋ ಎಂದು ನಾನೇ ಅವನ ಕೈಯಿಂದ ಪೊರಕೆ ತೆಗೆದುಕೊಂಡೆ. ಅವನು ಕೂತ. ಮತ್ತೆ ಏಳಲಿಲ್ಲ."

ಅವಳ ಅತ್ತೆ ಎದ್ದು ಒಳಗೆ ಹೋದಳು. ನೆರೆಯವರು ಒಬ್ಬೊಬ್ಬರೇ ಹೊರಟರು. ಚಿಕ್ಕ ಮಗಳು ನನ್ನ ಚೀಲದ ಜಿಪ್ಪು ಎಳೆದು ಆಡುತ್ತಿದ್ದಳು, ಯಾರೂ ಅವಳನ್ನು ಕರೆಯಲಿಲ್ಲ. ಹೊರಡಲು ಎದ್ದೆ.

ಅಂಗಳ ದಾಟುವಾಗ ಸುನೈನಾ ಹಿಂದೆ ಬಂದಳು. ಹದಿನೆಂಟನೇ ತಾರೀಕು ಬಂದು ಇದನ್ನೇ ಹೇಳುತ್ತೀಯಾ ಎಂದು ಕೇಳಿದಳು. ಹೇಳುತ್ತೇನೆ ಎಂದೆ.

"ಹಾಗಾದರೆ ಬೆಳಿಗ್ಗೆ ಬೇಗ ಇಲ್ಲಿಗೇ ಬಾ" ಎಂದಳು. "ಆ ಆಫೀಸಿನ ದಾರಿ ನನಗೆ ಗೊತ್ತಿಲ್ಲ. ಅವನಿಗೆ ಗೊತ್ತಿತ್ತು."

ಅಕ್ಷಿತಾ